ತಾಳಗುಂದದಲ್ಲಿ ಮೂವತ್ತೈದು ನಿಮಿಷ

ನನ್ನ ಮಗನು ಸಿದ್ಧಪಡಿಸಿದ್ದ ಪ್ರಯಾಣಪತ್ರಿಕೆಯಲ್ಲಿ ತಾಳಗುಂದಕ್ಕೆ ಮೀಸಲಾಗಿದ್ದ ಕಾಲವು ಮೂವತ್ತೈದು ನಿಮಿಷಗಳು. ಬಳ್ಳಿಗಾವಿಗೆ ಒಂದು ಗಂಟೆ, ಕುಬಟೂರಿನ ಕೈಟಭೇಶ್ವರನಿಗೆ ನಲವತ್ತು ನಿಮಿಷ, ಬನವಾಸಿಯ ಮಧುಕೇಶ್ವರನಿಗೆ ಊಟವೂ ಸೇರಿ ಎರಡು ಗಂಟೆ, ಮರುದಿನ ಚಂದ್ರಗುತ್ತಿ, ಗುಡವಿಯ ಪಕ್ಷಿಧಾಮ, ಸಂಜೆಯ ಹೊತ್ತಿಗೆ ಜೋಗ — ಹೀಗೆ ದಸರಾ ರಜೆಯ ಮೂರು ದಿನಗಳನ್ನು ಅವನು ಕಚೇರಿಯ ಲೆಕ್ಕಪತ್ರದಂತೆ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕಕ್ಕೂ ಒಂದೊಂದು ಬಣ್ಣ ಬಳಿದು, ನಮಗೆಲ್ಲ ಒಂದೊಂದು ಪ್ರತಿಯನ್ನು ಹಂಚಿದ್ದನು. ನಿಷ್ಕೃಷ್ಟವಾದ ಆ ಪತ್ರಿಕೆಯಲ್ಲಿ ನಮೂದಾಗದೆ ಉಳಿದಿದ್ದ ಸಂಗತಿ ಒಂದೇ: ವಾಹನದಲ್ಲಿ ಕುಳಿತುಕೊಳ್ಳಲಿದ್ದ ಐವರಲ್ಲಿ ಒಬ್ಬಳ ವಯಸ್ಸು ಒಂದು ವರ್ಷ ಹತ್ತು ತಿಂಗಳು ಎಂಬುದು.

ಅವಳು ನನ್ನ ಮೊಮ್ಮಗಳು. ಅವಳಿಗಾಗಿ ಕಾರಿನ ಹಿಂಬದಿಯಲ್ಲಿ ಪಟ್ಟಿಗಳಿಂದ ಬಿಗಿದ ಪ್ರತ್ಯೇಕ ಆಸನವೊಂದನ್ನು ಜೋಡಿಸಲಾಗಿತ್ತು. ಬೆಂಗಳೂರಿನಿಂದ ತುಮಕೂರಿನವರೆಗೆ ಅದರಲ್ಲಿ ನಿದ್ರಿಸಿದ ಮಗುವು, ಎಚ್ಚರಗೊಂಡೊಡನೆ ಅದನ್ನು ಸೆರೆಮನೆಯೆಂದು ನಿರ್ಣಯಿಸಿ, ತಿಪಟೂರಿನವರೆಗೂ ತನ್ನ ತೀರ್ಪನ್ನು ಉಚ್ಚಸ್ವರದಲ್ಲಿ ಓದಿಹೇಳುತ್ತಲೇ ಇದ್ದಿತು. ಅಜ್ಜಿಯ ತೊಡೆಗಿಂತ ಭದ್ರವಾದ ಆಸನ ಇನ್ನಾವುದು ಉಂಟೆಂದು ನಾನು ಕೇಳಿದೆನು. ಮಗನು ವಾಹನವನ್ನು ಬದಿಗೆ ನಿಲ್ಲಿಸಿ, ಮಗುವನ್ನು ಇಳಿಸಿಕೊಂಡು, ಅದು ಸಮಾಧಾನಗೊಂಡ ಮೇಲೆ ಮತ್ತೆ ಅಲ್ಲಿಯೇ ಕೂರಿಸಿ ಪಟ್ಟಿ ಬಿಗಿದನೇ ಹೊರತು ನನ್ನ ಮಾತಿಗೆ ಒಪ್ಪಲಿಲ್ಲ. ಹದಿನಾಲ್ಕು ವರ್ಷ ತುಂಬದ ಮಗುವನ್ನು ಪಟ್ಟಿಯಿಂದಾಗಲಿ ರಕ್ಷಣಾಸನದಿಂದಾಗಲಿ ಭದ್ರಪಡಿಸದೆ ವಾಹನ ನಡೆಸಿದವನಿಗೆ 1000 ರೂಪಾಯಿ ದಂಡವೆಂದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯು ವಿಧಿಸುತ್ತದೆ. ಆದರೆ ಅವನು ದಂಡದ ಮಾತನ್ನೇ ಎತ್ತಲಿಲ್ಲ. "ಬ್ರೇಕ್ ಹಾಕಿದರೆ ಅಮ್ಮನ ಕೈಯಲ್ಲಿ ಮಗು ನಿಲ್ಲೋದಿಲ್ಲ, ಅಪ್ಪ" ಎಂದಷ್ಟೇ ಹೇಳಿದನು. ಅವನ ಮಾತು ನಿಜ. ನನ್ನದು ಕೇವಲ ವಾತ್ಸಲ್ಯದ ಹುಂಬತನ. ಇದನ್ನು ಇಲ್ಲಿ ಒಪ್ಪಿಕೊಳ್ಳುವುದರಲ್ಲಿ ನನಗೆ ಸಂಕೋಚವಿಲ್ಲ. ಆದರೂ ಆ ಆಸನವನ್ನು ನೋಡುತ್ತ ಕುಳಿತಿದ್ದಾಗ ಹುಟ್ಟಿದ ಒಂದು ಶಂಕೆಯು ಮುಂದಿನ ಮೂರು ದಿನವೂ ನನ್ನನ್ನು ಬಿಡಲಿಲ್ಲ. ಮಗುವನ್ನು ಕಟ್ಟಬೇಕೆಂದು ವಿಧಿಸುವ ಕಾಯ್ದೆ ನಮ್ಮಲ್ಲಿ ಉಂಟು, ಅದು ಯುಕ್ತವೇ. ಆದರೆ ಕಟ್ಟಿದ ಮಗುವನ್ನು ಎಲ್ಲಿ ಬಿಚ್ಚಬೇಕು?

ಏಕೆಂದರೆ ಬಿಚ್ಚುವುದಕ್ಕೆ ಸ್ಥಳವೇ ಇರಲಿಲ್ಲ. ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ — ಈ ಸುದೀರ್ಘ ಹೆದ್ದಾರಿಯಲ್ಲಿ ಇಂಧನ ತುಂಬಿಸಿಕೊಳ್ಳಲು, ಚಕ್ರಕ್ಕೆ ಗಾಳಿ ಹಿಡಿಸಲು, ಇಡ್ಲಿ ತಿನ್ನಲು, ಮೊಬೈಲಿಗೆ ವಿದ್ಯುತ್ತು ತುಂಬಲು ಸಹ ಹೇರಳವಾದ ಸ್ಥಾನಗಳುಂಟು. ಒದ್ದೆಯಾದ ಮಗುವನ್ನು ಮಲಗಿಸಿ ಬಟ್ಟೆ ಬದಲಿಸುವುದಕ್ಕೆ ಎರಡು ಮೊಳದ ಶುಚಿಯಾದ ಹಲಗೆಯೊಂದು ನಮಗೆ ಸಿಕ್ಕಲಿಲ್ಲ. ನನ್ನ ಸೊಸೆ ಆ ಕಾರ್ಯವನ್ನು ಕಾರಿನ ಡಿಕ್ಕಿಯಲ್ಲಿ, ಪೆಟ್ಟಿಗೆಗಳ ಮೇಲೆ ಟವೆಲ್ಲು ಹಾಸಿ ನೆರವೇರಿಸಿದಳು. ಹಾಲೂಡಿಸುವ ಹೊತ್ತಿನಲ್ಲಿ ಕಿಟಕಿಗಳಿಗೆ ದುಪಟ್ಟಾ ಸಿಕ್ಕಿಸಿ, ಆ ಬಿಸಿಲಿನಲ್ಲಿ, ಗಾಳಿಯಾಡದ ಗೂಡಿನೊಳಗೆ ಕುಳಿತಳು. ಕೆಲವು ದೊಡ್ಡ ಬಸ್ ನಿಲ್ದಾಣಗಳಲ್ಲಿ ಈಚೆಗೆ ತಾಯಂದಿರಿಗೆಂದು ಕೊಠಡಿಗಳು ಆಗಿವೆ. ಅದು ಸಂತೋಷದ ವಿಷಯ. ಆದರೆ ಮಗುವಿನ ಹಸಿವು ನಿಲ್ದಾಣದಿಂದ ನಿಲ್ದಾಣಕ್ಕೆ ಸಂಚರಿಸುವ ವಸ್ತುವಲ್ಲ. ಅದು ಎರಡು ಊರುಗಳ ನಡುವೆ, ನೆರಳಿಲ್ಲದ ಕಡೆ, ಒಮ್ಮೆಲೇ ಪ್ರಾದುರ್ಭವಿಸುತ್ತದೆ.

ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಕರಿಕೆ ವಿರಳವೆಂದು ನಾನು ಎಲ್ಲಿಯೋ ಓದಿದ್ದೆನು. ಮಗುವು ಅದನ್ನು ಓದಿರಲಿಲ್ಲವಾಗಿ, ಶಿವಮೊಗ್ಗವನ್ನು ದಾಟಿ ಶಿಕಾರಿಪುರದ ಕಡೆಗೆ ತಿರುಗಿದ ಸ್ವಲ್ಪ ಹೊತ್ತಿಗೆಲ್ಲ, ಬೆಳಗಿನಿಂದ ಸೇವಿಸಿದ ಸಮಸ್ತವನ್ನೂ ಆ ಆಸನಕ್ಕೆ ಸಮರ್ಪಿಸಿತು. ರಾತ್ರಿ ದಾರಿಯ ಒಂದು ಪಟ್ಟಣದಲ್ಲಿ ತಂಗಿದೆವು. ಆ ವಸತಿಗೃಹದಲ್ಲಿ ಗೋಡೆಯಷ್ಟಗಲದ ದೂರದರ್ಶನ ಪೆಟ್ಟಿಗೆ ಇದ್ದಿತು. ಒಂಬತ್ತೂವರೆಯ ಮೇಲೆ ಒಂದು ಲೋಟ ಹಾಲು ಕಾಯಿಸಿಕೊಡುವ ಮನುಷ್ಯರಿರಲಿಲ್ಲ. ಬೆಳಗ್ಗೆ ಪತ್ರಿಕೆಯ ಪ್ರಕಾರ ಏಳಕ್ಕೆ ಹೊರಡಬೇಕೆಂಬ ಅವಸರದಲ್ಲಿ ನಾವು ಎಲ್ಲವನ್ನೂ ಎಣಿಸಿ ತುಂಬಿಕೊಂಡೆವು, ಒಂದರ ಹೊರತು. ನನ್ನ ಹೆಂಡತಿಯ ಹಳೆಯ ಇಳಕಲ್ ಸೀರೆಯ ಸೆರಗಿನ ಒಂದು ತುಂಡು ಆ ಕೊಠಡಿಯ ಮಂಚದ ಮೇಲೆಯೇ ಉಳಿಯಿತು. ಓದುವವರಿಗೆ ಇದು ಅಲ್ಪ ವಿಷಯವೆಂದು ತೋರಬಹುದು. ಆ ತುಂಡನ್ನು ಮೂಗಿಗೆ ಒತ್ತಿಕೊಳ್ಳದೆ ಆ ಮಗುವು ಹುಟ್ಟಿದ ಲಾಗಾಯಿತು ಒಂದು ದಿನವೂ ನಿದ್ರಿಸಿದುದಿಲ್ಲವೆಂದರೆ, ನಮ್ಮ ಮೇಲೆ ಎರಗಿದ ವಿಪತ್ತಿನ ಪರಿಮಾಣವನ್ನು ಮನೆಯಲ್ಲಿ ಮಕ್ಕಳಿರುವವರು ಊಹಿಸಬಲ್ಲರು.

ಶಿರಾಳಕೊಪ್ಪದಿಂದ ಮುಂದಕ್ಕೆ ದಾರಿಯ ಅರ್ಧ ಭಾಗವು ಮೆಕ್ಕೆಜೋಳದ ಕಣವಾಗಿತ್ತು. ಕಟಾವಿನ ಈ ಕಾಲದಲ್ಲಿ ಶಿಕಾರಿಪುರದ ಸೀಮೆಯಲ್ಲೆಲ್ಲ ರೈತರು ಡಾಂಬರಿನ ಮೇಲೆ ಜೋಳ ಹರಡಿ, ವಾಹನಗಳು ಹತ್ತಬಾರದೆಂದು ಅಂಚಿಗೆ ಕಲ್ಲುಗಳನ್ನಿಟ್ಟಿರುತ್ತಾರೆ. ರಸ್ತೆಯು ಕಣವಲ್ಲವೆಂದು ವಾದಿಸುವುದು ಸುಲಭ. ಒಕ್ಕಲಿಗನಿಗೆ ಬೇರೆ ಕಣವನ್ನು ಯಾರು ಕಟ್ಟಿಕೊಟ್ಟಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಅಷ್ಟು ಸುಲಭವಲ್ಲ. ಅಂತಹ ಒಂದು ಕಲ್ಲನ್ನು ತಪ್ಪಿಸಲು ಹೋಗಿ ಮಗನು ರಸ್ತೆಯ ಅಂಚಿನಿಂದ ಇಳಿದನು. ಚಕ್ರವು ಮತ್ತಾವುದೋ ಚೂಪಾದ ವಸ್ತುವಿನ ಮೇಲೆ ಹತ್ತಿತು. ತಾಳಗುಂದದ ಮನೆಗಳು ಕಣ್ಣಿಗೆ ಬೀಳುವಷ್ಟು ದೂರದಲ್ಲಿ ಕಾರು ಒಂದು ಕಡೆಗೆ ಕುಸಿಯಿತು. ಡಿಕ್ಕಿಯಿಂದ ಸ್ಟೆಪ್ನಿಯನ್ನು ಹೊರಕ್ಕೆಳೆದು ನೋಡಿದರೆ ಅದರಲ್ಲಿಯೂ ಗಾಳಿ ಇರಲಿಲ್ಲ. ಮಗನು ಬಣ್ಣಬಣ್ಣದ ಪತ್ರಿಕೆಯನ್ನು ಹೊರತೆಗೆದು ನೋಡಿ, ಮಡಿಸಿ, ಮತ್ತೆ ಜೇಬಿಗೆ ಸೇರಿಸಿದನು. ಅದೇ ಹೊತ್ತಿಗೆ ಸೊಸೆ ಮಗುವಿನ ಕುತ್ತಿಗೆಯನ್ನು ಮುಟ್ಟಿ, "ಅತ್ತೆ, ಮೈ ಸುಡ್ತಾ ಇದೆ, ನೋಡಿ" ಎಂದಳು.

ಸೊರಬದ ಸೀಮೆಗೆ ಇಷ್ಟು ಸಮೀಪದಲ್ಲಿ ಜ್ವರವೆಂಬ ಮಾತು ಕಿವಿಗೆ ಬಿದ್ದಾಗ ನನ್ನ ತಲೆಮಾರಿನವನ ಮನಸ್ಸು ನೆಟ್ಟಗೆ ಒಂದೇ ಕಡೆಗೆ ಓಡುತ್ತದೆ. 1957ರಲ್ಲಿ ಈ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲಿಗೆ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಆ ಕಾಡಿನ ಹೆಸರಿನಿಂದಲೇ ಲೋಕದ ವೈದ್ಯಗ್ರಂಥಗಳನ್ನು ಸೇರಿದೆ. ಉಣ್ಣೆಗಳು ಕಚ್ಚಿ ಹರಡುವ ಆ ವ್ಯಾಧಿಯು ಚಳಿಗಾಲದಿಂದ ಮಳೆ ಹಿಡಿಯುವವರೆಗಿನ ಒಣ ತಿಂಗಳುಗಳಲ್ಲಿ ಕಾಡಿಗೆ ಹೋಗಿಬರುವವರನ್ನು ಹೆಚ್ಚಾಗಿ ಬಾಧಿಸುವುದೆಂದೂ, ಹಿಂದಿನ ದಿನವೆಲ್ಲ ಕಾರಿನ ಆಸನಕ್ಕೆ ಬಿಗಿದಿದ್ದ ಮಗುವಿಗೆ ಅದು ತಗಲುವ ಸಂಭವವಿಲ್ಲವೆಂದೂ ನನಗೆ ಚೆನ್ನಾಗಿ ತಿಳಿದಿತ್ತು. ತಿಳಿದಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ. ಜ್ಞಾನವು ಭಯವನ್ನು ನಿವಾರಿಸುವುದೆಂದು ಬರೆದ ಶಾಸ್ತ್ರಕಾರರಾರೂ ಪರಸ್ಥಳದಲ್ಲಿ ಮೊಮ್ಮಗುವಿನ ಜ್ವರವನ್ನು ನೋಡಿದವರಲ್ಲವೆಂದು ಕಾಣುತ್ತದೆ.

"ಬಿಸ್ಲಾಗೆ ಯಾಕ್ ನಿಂತೀರಿ ಅಜ್ಜಾರೆ, ಕೂಸಿನ್ನ ಕರ್ಕಂಡ್ ಒಳಗ್ ಬರ್ರಿ."

ಹೀಗೆ ಕರೆದವಳು ರಸ್ತೆಬದಿಯ ಜೋಳವನ್ನು ಕಾಲಿನಿಂದ ಕೆದಕುತ್ತ ಬಂದ ಒಬ್ಬ ನಡುವಯಸ್ಸಿನ ಹೆಂಗಸು. ನಮ್ಮ ಉತ್ತರಕ್ಕಾಗಿ ಕಾಯದೆ ಅವಳು ಮಗುವನ್ನು ಸೊಸೆಯ ಕೈಯಿಂದ ತೆಗೆದುಕೊಂಡು ಹೊರಟೇಬಿಟ್ಟಳು. ಅಪರಿಚಿತರನ್ನು ಕಂಡರೆ ಆಕಾಶ ಭೂಮಿ ಒಂದು ಮಾಡುವ ನಮ್ಮ ಮಗುವು, ಜ್ವರದ ಆಯಾಸದಿಂದಲೋ ಆ ಸೆರಗಿನ ಹೊಗೆಯ ವಾಸನೆಯಿಂದಲೋ, ಸುಮ್ಮನೆ ಅವಳ ಹೆಗಲಿಗೆ ಒರಗಿತು. ಅವಳ ಮಗನು ನನ್ನ ಮಗನನ್ನೂ ಪಂಚರಾದ ಚಕ್ರವನ್ನೂ ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಶಿರಾಳಕೊಪ್ಪಕ್ಕೆ ಹೋದನು. ಅವಳು ಆ ಊರಿನ ಅಂಗನವಾಡಿಯಲ್ಲಿ ಸಹಾಯಕಿಯೆಂಬುದೂ, ಮರುದಿನ ಭೂಮಿ ಹುಣ್ಣಿಮೆಯಾದುದರಿಂದ ಮನೆಯಲ್ಲಿ ಮೈತುಂಬ ಕೆಲಸವಿದೆಯೆಂಬುದೂ ನಮಗೆ ತಿಳಿದದ್ದು ಆಮೇಲೆ.

ಬೆಂಗಳೂರಿನ ನಮ್ಮ ಮಕ್ಕಳ ವೈದ್ಯರು, ಒಂದು ಗೀಟಿನ ಸಂಕೇತ ಹಿಡಿದು ತೊದಲುತ್ತಿದ್ದ ಮೊಬೈಲಿನಲ್ಲಿ, ಮಗುವಿನ ತೂಕವನ್ನು ಕೇಳಿ ಜ್ವರದ ಔಷಧದ ಪ್ರಮಾಣವನ್ನು ಹೇಳಿ, ಮೂತ್ರವು ಆಗುತ್ತಿದೆಯೇ, ಬಾಯಿ ಒಣಗಿದೆಯೇ, ಎಬ್ಬಿಸಿದರೆ ಕಣ್ಣು ತೆರೆದು ನೋಡುತ್ತದೆಯೇ ಎಂದು ವಿಚಾರಿಸಿ, ಓ.ಆರ್.ಎಸ್. ಕೊಡಿರೆಂದರು. ಪೊಟ್ಟಣವು ನಮ್ಮ ಚೀಲದಲ್ಲಿ ಇದ್ದಿತು. ಆದರೆ ಒಂದು ದೊಡ್ಡ ಪೊಟ್ಟಣವನ್ನು ಒಂದು ಲೀಟರು ನೀರಿಗೆ ಪೂರ್ತಿಯಾಗಿ ಬೆರಸಬೇಕು; ಸ್ವಲ್ಪ ಪುಡಿ ಸ್ವಲ್ಪ ನೀರೆಂದು ಅಂದಾಜಿನಿಂದ ಮಾಡಿದರೆ ಲವಣದ ಅಂಶ ಹೆಚ್ಚಿ ಮಗುವಿಗೆ ಕೇಡಾದೀತು. ಕಾದಾರಿದ ಒಂದು ಲೀಟರು ನೀರು, ಅಳೆಯುವ ಒಂದು ಪಾತ್ರೆ, ಒಂದು ಚಮಚ, ಮಗು ಮಲಗುವಷ್ಟು ನೆರಳು! ಎಷ್ಟು ಅಲ್ಪವಾದ ಪದಾರ್ಥಗಳು. ಹಿಂದಿನ ದಿನ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು ದಾರಿಯಲ್ಲಿ ಹಣ ಕೊಟ್ಟರೂ ಇವು ನಾಲ್ಕೂ ಒಂದೆಡೆ ನಮಗೆ ಲಭಿಸಿರಲಿಲ್ಲ. ಆ ಮನೆಯ ಪಡಸಾಲೆಯಲ್ಲಿ ಕೇಳುವ ಮೊದಲೇ ಲಭಿಸಿದವು. ನನ್ನ ಹೆಂಡತಿ ಒದ್ದೆ ಬಟ್ಟೆಯಿಂದ ಮಗುವಿನ ಮೈಯೊರಸುತ್ತ ಕುಳಿತಳು. ಸೊಸೆ ಚಮಚದಿಂದ ಆ ಉಪ್ಪುಸಿಹಿ ನೀರನ್ನು ಹನಿಹನಿಯಾಗಿ ಕುಡಿಸಿದಳು. ನಾನು, ಗಂಡಸರು ಇಂತಹ ಸಮಯಗಳಲ್ಲಿ ಮಾಡುವುದನ್ನೇ ಮಾಡುತ್ತ, ಬಾಗಿಲಲ್ಲಿ ನಿಂತು ದಾರಿಯನ್ನು ನೋಡುತ್ತಿದ್ದೆನು.

ಒಳಗೆ ಇನ್ನೊಂದು ವ್ಯವಹಾರವು ನಡೆದಿತ್ತು. ಕೆಮ್ಮಣ್ಣು ಬಳಿದು ಒಣಗಿಸಿದ ಬಿದಿರಿನ ಬುಟ್ಟಿಯ ಮೇಲೆ ಮನೆಯ ಹಿರಿಯಳೊಬ್ಬಳು ಅಕ್ಕಿಹಿಟ್ಟಿನ ಬಿಳಿಯ ಗೆರೆಗಳಿಂದ ಚಿತ್ತಾರ ಬರೆಯುತ್ತಿದ್ದಳು. ಅದು ಭೂಮಣ್ಣಿ ಬುಟ್ಟಿ. ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಭತ್ತವು ಹೊಡೆಯಾಗುತ್ತದೆ; ಭೂಮಿಯು ಬಸುರಿಯೆಂದು ಭಾವಿಸಿ, ಬಸುರಿಯ ಬಯಕೆಯನ್ನು ತೀರಿಸುವ ಹಾಗೆ, ಹತ್ತಾರು ಬಗೆಯ ಸೊಪ್ಪುಗಳನ್ನು ಬೆರಸಿ ಬೇಯಿಸಿದ ಅಡಿಗೆಯನ್ನೂ ಕಡುಬನ್ನೂ ರಾತ್ರಿಯೆಲ್ಲ ಎಚ್ಚರವಿದ್ದು ಸಿದ್ಧಪಡಿಸಿ, ಬೆಳಕು ಹರಿಯುವ ಮುನ್ನವೇ ಗದ್ದೆಗೆ ಒಯ್ದು ಉಣಿಸುತ್ತಾರೆ. ಮಲೆನಾಡಿನ ಹಬ್ಬಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದುದನ್ನು ನಾನು ಕಾಣೆ. ಹುಟ್ಟಲಿರುವ ಕಾಳಿಗೆ ಇಷ್ಟು ಉಪಚಾರ ಮಾಡುವ ಮನೆಯಲ್ಲಿ ಹುಟ್ಟಿದ ಕೂಸಿಗೆ ಕಡಮೆಯಾಗುವ ಸಂಭವವೆಲ್ಲಿಯದು? ನಿದ್ರೆ ಬಾರದೆ ಕೈಗಳನ್ನು ಗಾಳಿಯಲ್ಲಿ ಆಡಿಸಿ ಏನನ್ನೋ ಹುಡುಕುತ್ತಿದ್ದ ಮಗುವನ್ನು ನೋಡಿ ಅವಳು ಕಾರಣ ಕೇಳಿದಳು. ಸೊಸೆ ಸೀರೆಯ ತುಂಡಿನ ಕಥೆಯನ್ನು ಹೇಳಿದಳು. "ಅಷ್ಟೇಯಾ?" ಎಂದು ಅವಳು ಒಳಗೆ ಹೋಗಿ, ಒಗೆದು ಒಗೆದು ಮೆತ್ತಗಾಗಿದ್ದ ತನ್ನ ಹಸುರು ಸೀರೆಯೊಂದರ ಅಂಚನ್ನು ಪರ್ರನೆ ಹರಿದು ತಂದು ಮಗುವಿನ ಮುಷ್ಟಿಯಲ್ಲಿಟ್ಟಳು. ಮಗುವು ಅದನ್ನು ಸಂಶಯದಿಂದ ಮೂಸಿತು, ಇನ್ನೊಮ್ಮೆ ಮೂಸಿತು, ಮಲಗಿತು.

ಮೂರು ಗಂಟೆಯ ಸುಮಾರಿಗೆ ಜ್ವರವು ಇಳಿದು, ಮಗುವು ತನ್ನ ಕಾಲ ಮೇಲೆ ತಾನು ನಡೆಯಬೇಕೆಂದು ಹಟ ಹಿಡಿಯಿತು. ಚಕ್ರವಿನ್ನೂ ಬಂದಿರಲಿಲ್ಲ. ಆದಕಾರಣ ನಾವು ಪ್ರಣವೇಶ್ವರನ ಗುಡಿಗೆ ನಡೆದೇ ಹೋದೆವು. ವಯಸ್ಕನು ಕೆಲವೇ ನಿಮಿಷಗಳಲ್ಲಿ ಕ್ರಮಿಸುವ ಆ ದಾರಿಯು ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಏಕೆಂದರೆ ಪ್ರತಿಯೊಂದು ಕರುವೂ, ಪ್ರತಿಯೊಂದು ಸೆಗಣಿಯ ಕುಪ್ಪೆಯೂ, ಕಾಲುವೆಯ ಮೇಲಿನ ಪ್ರತಿಯೊಂದು ಚಪ್ಪಡಿಯೂ ಪ್ರತ್ಯೇಕ ದರ್ಶನಕ್ಕೆ ಅರ್ಹವೆಂಬುದು ಅವಳ ಮತ.

ಗುಡಿಯ ಮುಂದಿನ ಕಂಬವನ್ನು ನಾನು ಹಿಂದೆ ಎರಡು ಬಾರಿ ನೋಡಿದ್ದೆನು. ಒಂದು ಮೀಟರು ಅರವತ್ತಮೂರು ಸೆಂಟಿಮೀಟರಿನಷ್ಟು ಎತ್ತರದ, ಎಂಟು ಮುಖಗಳ, ಬೂದುಬಣ್ಣದ ಗಟ್ಟಿಕಲ್ಲಿನ ಆ ಸ್ತಂಭವು ಕದಂಬ ವಂಶದ ಮೂಲವನ್ನು ನಮಗೆ ತಿಳಿಸುವ ಪ್ರಧಾನ ಆಧಾರ. ಐದನೆಯ ಶತಮಾನದಲ್ಲಿ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತ ಕಾವ್ಯ. ಅದರ ಸಾಲುಗಳು ಅಡ್ಡಲಾಗಿರದೆ ಲಂಬವಾಗಿ, ಬುಡದಿಂದ ಮೇಲಕ್ಕೆ ಏರುತ್ತವೆ. ಮೊದಲನೆಯ ಪದವಾದ 'ಸಿದ್ಧಮ್' ಎಂಬುದು ಕಂಬದ ಬುಡದಲ್ಲಿ ಇದೆ. ಇದು ನನಗೆ ಪುಸ್ತಕದಿಂದ ಗೊತ್ತಿದ್ದ ಸಂಗತಿಯೇ. ಆದರೆ ಎರಡು ಬಾರಿಯೂ ನಾನು ನಿಂತು ನೋಡಿದ್ದುದರಿಂದ ಕಾವ್ಯವನ್ನು ಅದರ ಅಂತ್ಯದಿಂದಲೇ ನೋಡಿದಂತಾಗಿತ್ತು. ಇರುವೆಯ ಸಾಲೊಂದನ್ನು ಹಿಂಬಾಲಿಸುತ್ತ ಹೋದ ಮಗುವು ಕಂಬದ ಬುಡದೆದುರು ಕುಕ್ಕರುಗಾಲಿನಲ್ಲಿ ಕುಳಿತಾಗ, ಕಲ್ಲನ್ನು ಮುಟ್ಟದಂತೆ ಅವಳ ಕೈ ಹಿಡಿಯಲು ನಾನೂ ಬಗ್ಗಿ ಕುಳಿತೆನು. ಕುಬ್ಜನ ಕಾವ್ಯವು ಎಲ್ಲಿಂದ ಹೊರಡುತ್ತದೆಯೋ ಅಲ್ಲಿಗೆ ಸರಿಯಾಗಿ ಅವಳ ಕಣ್ಣಿನ ಮಟ್ಟವಿತ್ತು. ಅರವತ್ತೆಂಟು ವರ್ಷದ ನಾನು ಅದನ್ನು ಮೊದಲಿನಿಂದ ನೋಡಬೇಕಾದರೆ ಮೊಣಕಾಲೂರಬೇಕಾಯಿತು.

ಆ ಕಂಬವು ಹೇಳುವ ಕಥೆಯೂ ಒಂದು ಕೆಟ್ಟುಹೋದ ಪ್ರಯಾಣದ ಕಥೆಯೇ ಅಲ್ಲವೆ? ಮಯೂರಶರ್ಮನೆಂಬ ಬ್ರಾಹ್ಮಣ ಯುವಕನು ವೇದಾಧ್ಯಯನವನ್ನು ಪೂರ್ಣಗೊಳಿಸಲೆಂದು ಗುರು ವೀರಶರ್ಮನೊಡನೆ ಪಲ್ಲವರ ಕಾಂಚಿಗೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಕಲಹವಾಗುತ್ತದೆ. ಅವಮಾನಿತನಾದ ಯುವಕನು ದರ್ಭೆಯನ್ನು ಹಿಡಿದಿದ್ದ ಕೈಯಲ್ಲಿ ಖಡ್ಗವನ್ನು ಹಿಡಿದು, ಶ್ರೀಪರ್ವತದ ಕಾಡುಗಳಲ್ಲಿ ನೆಲೆಯೂರಿ, ಕಡೆಗೆ ಪಲ್ಲವರಿಂದಲೇ ಮನ್ನಣೆ ಪಡೆದು ರಾಜನಾಗುತ್ತಾನೆ. ಆ ವಿದ್ಯಾಯಾತ್ರೆಯು ನಿರ್ವಿಘ್ನವಾಗಿ ನಡೆದಿದ್ದರೆ ತಾಳಗುಂದದ ಅಗ್ರಹಾರಕ್ಕೆ ಇನ್ನೊಬ್ಬ ಘನಪಾಠಿಯು ಮರಳಿ ಬರುತ್ತಿದ್ದನೇ ಹೊರತು ಕನ್ನಡನಾಡಿಗೆ ತನ್ನದೇ ಆದ ಒಂದು ರಾಜವಂಶವು ಅಲ್ಲಿಂದ ಮೊದಲಾಗುತ್ತಿರಲಿಲ್ಲ. ದೇವುಡು ನರಸಿಂಹಶಾಸ್ತ್ರಿಗಳು ಇದನ್ನು ಕಾದಂಬರಿಯಾಗಿಸಿದರು. ಅದರಿಂದ 1975ರಲ್ಲಿ ರಾಜಕುಮಾರ್ ಅವರ ಚಲನಚಿತ್ರವಾಯಿತು. ನನ್ನ ಹೆಂಡತಿಯು ಕಂಬವನ್ನು ನೋಡಿದೊಡನೆ ಕೈ ಮುಗಿದದ್ದು ಶಾಂತಿವರ್ಮನಿಗಲ್ಲ. ಹಾಗೆಂದು ದಾರಿಯ ವಿಘ್ನಗಳೆಲ್ಲ ಪುಣ್ಯಫಲಗಳೆಂದು ಉಪದೇಶಿಸುವ ಉತ್ಸಾಹ ನನಗಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ವಿಘ್ನಗಳಿಂದ ರಾಜ್ಯಗಳು ಹುಟ್ಟುವುದಿಲ್ಲ. ಒಗೆಯಬೇಕಾದ ಬಟ್ಟೆಗಳಷ್ಟೇ ಉಳಿಯುತ್ತವೆ.

ನನ್ನನ್ನು ಆ ಸಂಜೆ ತಡೆದು ನಿಲ್ಲಿಸಿದ ಸಂಗತಿ ಬೇರೆ. ಇಷ್ಟೆಲ್ಲ ವಂಶವರ್ಣನೆಯನ್ನು ಮಾಡುವ ಆ ಶಾಸನವು ಮೂಲತಃ ಏತಕ್ಕಾಗಿ ಹುಟ್ಟಿತೆಂದರೆ, ಕಾಕುಸ್ಥವರ್ಮನು ಈ ಶಿವಾಲಯದ ಬಳಿ ಒಂದು ತಟಾಕವನ್ನು ಕಟ್ಟಿಸಿದನೆಂದು ತಿಳಿಸುವುದಕ್ಕಾಗಿ. ಚಕ್ರವರ್ತಿಗಳೊಡನೆ ಬಾಂಧವ್ಯ ಬೆಳೆಸಿದ ರಾಜನಿಗೆ ಕಲ್ಲಿನ ಮೇಲೆ ಬರೆಯಿಸಲು ಯೋಗ್ಯವೆನಿಸಿದ ಕಾರ್ಯವು ನೀರು! ಇದೇ ಸ್ಥಳದಲ್ಲಿ 2013ರ ಉತ್ಖನನದಲ್ಲಿ ಪುರಾತತ್ತ್ವ ಇಲಾಖೆಯವರಿಗೆ ದೊರೆತ ಸಿಂಹಕಟಾಂಜನ ಶಾಸನವನ್ನು ಸುಮಾರು 370ರದೆಂದು ಗಣಿಸಿ, ಹಲ್ಮಿಡಿಯ ಶಾಸನಕ್ಕಿಂತಲೂ ಅದು ಹಳೆಯದೆಂದು ನಾವು ಹೆಮ್ಮೆಪಟ್ಟೆವು. ವಿದ್ವಾಂಸರ ನಡುವೆ ಚರ್ಚೆಯೂ ನಡೆಯಿತು. ಕನ್ನಡದ ಮೊದಲ ಅಕ್ಷರ ಯಾವ ಕಲ್ಲಿನದೆಂಬುದು ಗಹನವಾದ ಪ್ರಶ್ನೆಯೇ ಸರಿ. ಅದನ್ನು ಕಾಣಲು ಬಂದವಳ ಕಂಕುಳಲ್ಲಿ ಒಂದು ಮಗುವಿದ್ದರೆ ಅವಳು ಎಲ್ಲಿ ಕುಳಿತುಕೊಳ್ಳಬೇಕೆಂಬ ಪ್ರಶ್ನೆಯು ನಮ್ಮ ನಾಡಿನ ಎಷ್ಟು ಪ್ರೇಕ್ಷಣೀಯ ಸ್ಥಳಗಳಲ್ಲಿ ಯಾರಿಗಾದರೂ ಹೊಳೆದಿದೆ?

ಹಿಂದಿನವರಿಗೆ ಹೊಳೆದಿತ್ತು. ಅಂದು ನಮಗೆ ನೋಡಲಾಗದೆ ಉಳಿದ ಬಳ್ಳಿಗಾವಿಯು ತಾಳಗುಂದಕ್ಕೆ ಕೂಗಳತೆಯಲ್ಲದಿದ್ದರೂ ಹೆಚ್ಚೇನೂ ದೂರವಲ್ಲ, ಅಲ್ಲಮಪ್ರಭುವಿನ ಊರು. ಅಲ್ಲಿಯ ಕೇದಾರೇಶ್ವರನಿಗೆ ಸೇರಿದ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು, ವೇದ, ವ್ಯಾಕರಣ, ದರ್ಶನಗಳನ್ನು ಅಲ್ಲಿ ಬೋಧಿಸುತ್ತಿದ್ದುದನ್ನು ಹೇಳಿ ಅಷ್ಟಕ್ಕೆ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ನಾನಾ ಮತಗಳ ಭಿಕ್ಷುಗಳು — ಇವರೆಲ್ಲರಿಗೂ ಅನ್ನ ದೊರೆಯುವ ಸ್ಥಾನವೆಂದೂ, ದಿಕ್ಕಿಲ್ಲದ ರೋಗಿಗಳಿಗೆ ಔಷಧ ದೊರೆಯುವ ಸ್ಥಾನವೆಂದೂ, ಸಕಲ ಜೀವಿಗಳಿಗೂ ಅಭಯ ದೊರೆಯುವ ಸ್ಥಾನವೆಂದೂ ಅದನ್ನು ಕೊಂಡಾಡುತ್ತದೆ. ಮಠದ ಹೊಗಳಿಕೆಯಲ್ಲಿ ಉತ್ಪ್ರೇಕ್ಷೆ ಇದ್ದೀತು, ಇರಲಿ. ಯಾವುದನ್ನು ಉತ್ಪ್ರೇಕ್ಷಿಸಿದರೆ ಕೀರ್ತಿ ಬರುವುದೆಂದು ಅವರು ತಿಳಿದಿದ್ದರು ಎಂಬುದೇ ಗಮನಿಸತಕ್ಕ ಅಂಶ. ಆಮೇಲಿನ ಕಾಲಕ್ಕೂ ಅರವಟ್ಟಿಗೆಯಿತ್ತು, ಛತ್ರವಿತ್ತು, ಸಾಲುಮರವಿತ್ತು. ತಲೆಹೊರೆಯನ್ನು ಇನ್ನೊಬ್ಬರ ನೆರವಿಲ್ಲದೆ ಇಳಿಸಿ ಹೊರುವುದಕ್ಕೆ ಆಳೆತ್ತರದ ಹೊರೆಗಲ್ಲಿತ್ತು. ದಾರಿಯೆಂದರೆ ನಡೆಯುವ ನೆಲವಷ್ಟೇ ಅಲ್ಲ, ನಿಲ್ಲುವ ನೆಲೆಯೂ ಹೌದೆಂದು ಈ ಏರ್ಪಾಡುಗಳನ್ನು ಮಾಡಿದವರು ಭಾವಿಸಿದ್ದರು. ನಾವು ನಡೆಯುವ ನೆಲವನ್ನು ನಾಲ್ಕು ಪಾಲು ಅಗಲಿಸಿ, ಸಾಲುಮರಗಳನ್ನು ಕಡಿದು, ನಿಲ್ಲುವ ನೆಲೆಯನ್ನು ಸಂಪೂರ್ಣವಾಗಿ ವ್ಯಾಪಾರಕ್ಕೆ ಒಪ್ಪಿಸಿಬಿಟ್ಟೆವು. ವ್ಯಾಪಾರಿಯು ಕೊಳ್ಳುವವನಿಗೆ ಕುರ್ಚಿ ಹಾಕುತ್ತಾನೆ, ಅದು ಅವನ ಧರ್ಮ. ಏನನ್ನೂ ಕೊಳ್ಳದ, ಗದ್ದಲ ಮಾಡುವ, ನೆಲವನ್ನು ಹೊಲಸು ಮಾಡುವ ಗಿರಾಕಿಗೆ ಅವನೇಕೆ ಮಂಚ ಹಾಕಿಯಾನು?

ಆದುದರಿಂದ ಇದು ಸಾರ್ವಜನಿಕ ಕಾರ್ಯ. ಜಪಾನು ದೇಶದಲ್ಲಿ 1993ರಿಂದ 'ಮಿಚಿ ನೊ ಎಕಿ', ಎಂದರೆ ದಾರಿಯ ನಿಲ್ದಾಣ, ಎಂಬ ವ್ಯವಸ್ಥೆಯುಂಟು; ಹಗಲಿರುಳೂ ತೆರೆದಿರುವ ಶೌಚಾಲಯ, ವಾಹನ ನಿಲ್ಲಿಸಲು ಪುಕ್ಕಟೆ ಸ್ಥಳ, ಆ ಊರಿನ ರೈತರು ಬೆಳೆದುದನ್ನು ಮಾರುವ ಅಂಗಡಿ ಇವು ಒಂದೆಡೆ ಇರುವ ಅಂತಹ ನಿಲ್ದಾಣಗಳು ಈಗ ಸಾವಿರಕ್ಕೂ ಮಿಕ್ಕಿವೆ. ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಆ ಹೆಂಗಸು ಸಂಜೆ ನಮಗೆ ತನ್ನ ಅಂಗನವಾಡಿಯ ಬೀಗ ತೆಗೆದು ತೋರಿಸಿದಳು. ಮೊಳಕಾಲೆತ್ತರದ ಕುರ್ಚಿಗಳು, ಗೋಡೆಯ ಮೇಲೆ ಆನೆ ಒಂಟೆಗಳು, ತೂಕದ ಯಂತ್ರ, ಬಿಸಿನೀರು ಕಾಯಿಸಲು ಒಲೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ಪ್ರಾರಂಭವಾಗಿ, ಕರ್ನಾಟಕದಲ್ಲಿ ಟಿ. ನರಸೀಪುರದಲ್ಲಿ ಮೊದಲ ಹೆಜ್ಜೆಯಿಟ್ಟಿತು (ರಾಜಕುಮಾರರ 'ಮಯೂರ' ತೆರೆಗೆ ಬಂದ ವರ್ಷವೇ, ಎಂದು ನನ್ನ ಹೆಂಡತಿಗೆ ಹೇಳಿದೆನು). ಮಗುವಿನ ಅಳತೆಗೆ ಕಟ್ಟಿದ ಸರ್ಕಾರದ ಕಟ್ಟಡವು ಈ ನಾಡಿನ ಹಳ್ಳಿಹಳ್ಳಿಯಲ್ಲಿ ಆಗಲೇ ನಿಂತಿದೆ. ಹೆದ್ದಾರಿಗೂ ಪ್ರೇಕ್ಷಣೀಯ ಸ್ಥಳಗಳಿಗೂ ಸಮೀಪವಾದ ಕೆಲವನ್ನು ಆಯ್ದು, ಅವುಗಳ ಪಕ್ಕದಲ್ಲಿ ದಾರಿಹೋಕ ತಾಯಿಗೆಂದು ಒಂದು ಕೋಣೆ, ಒಂದು ಹಲಗೆ, ಕಾದಾರಿದ ನೀರು, ಓ.ಆರ್.ಎಸ್. ಪೊಟ್ಟಣ, ಹತ್ತಿರದ ಆಸ್ಪತ್ರೆಯ ದೂರವಾಣಿ ಸಂಖ್ಯೆ — ಇಷ್ಟನ್ನು ಒದಗಿಸಿ, ರಸ್ತೆಯಲ್ಲಿ ಒಂದು ಫಲಕ ನೆಡುವುದಕ್ಕೆ ಎಷ್ಟು ವೆಚ್ಚವಾದೀತು?

ಈ ಮಾತನ್ನು ಅವಳಿಗೇ ಹೇಳಿದಾಗ ಅವಳು ನಕ್ಕಳು. "ಅದನ್ನೂ ನಮ್ ತಲೆ ಮೇಲೆ ಹಾಕ್ರಿ ಅಜ್ಜಾರೆ" ಎಂದಳು. ಅವಳ ನಗೆಯಲ್ಲಿ ನ್ಯಾಯವಿತ್ತು. ಜನಗಣತಿ, ಸಮೀಕ್ಷೆ, ಚುನಾವಣೆ, ತೂಕದ ಪಟ್ಟಿ ಎಂದು ಗೌರವಧನದ ಮೇಲೆ ದುಡಿಯುವ ಈ ಹೆಂಗಸರ ಹೆಗಲಿಗೆ ನಾವು ಹೊರಿಸಿರುವ ಹೊರೆಗೆ ಈಗಾಗಲೇ ಹೊರೆಗಲ್ಲಿಲ್ಲ. ಆದಕಾರಣ ಆ ಕೋಣೆಗೆ ಬೇರೆಯ ವ್ಯಕ್ತಿ, ಬೇರೆಯ ಸಂಬಳ ಆಗಬೇಕು. ಊರಿನ ಸ್ತ್ರೀಶಕ್ತಿ ಸಂಘಕ್ಕೆ ಅದನ್ನು ವಹಿಸಿ, ಬದಿಯಲ್ಲಿ ರೊಟ್ಟಿ ಮಜ್ಜಿಗೆಯ ಅಂಗಡಿ ಇಡಲು ಅನುಮತಿಸಿದರೆ ಅದು ತನ್ನ ವೆಚ್ಚವನ್ನು ತಾನೇ ಹುಟ್ಟಿಸಿಕೊಂಡೀತು. ನಾನು ಆಡಳಿತಗಾರನಲ್ಲ, ಇದರ ತೊಡಕುಗಳನ್ನು ಬಿಡಿಸುವುದು ನನ್ನಿಂದಾಗದು. ಆದರೆ ಒಂದು ರಸ್ತೆಯು ಚೆನ್ನಾಗಿದೆಯೇ ಎಂದು ನಿರ್ಧರಿಸುವಾಗ, ಅದರಲ್ಲಿ ಕಾರು ಗಂಟೆಗೆ ಎಷ್ಟು ದೂರ ಓಡಬಲ್ಲದೆಂಬುದರ ಜೊತೆಗೆ, ಎರಡು ವರ್ಷದ ಮಗುವೊಂದು ಅದರಲ್ಲಿ ಒಂದು ದಿನ ಪ್ರಯಾಣ ಮಾಡಿ ಅಳದೆ ಊರು ಸೇರಬಲ್ಲದೇ ಎಂಬುದನ್ನೂ ವಿಚಾರಿಸಬೇಕೆಂದು ಕೇಳುವ ಹಕ್ಕು ತೆರಿಗೆ ಕೊಡುವ ಅಜ್ಜನಿಗೆ ಇದೆಯೆಂದು ಭಾವಿಸುತ್ತೇನೆ.

ನಮ್ಮ ಪಾಲಿನ ತಪ್ಪನ್ನು ಮರೆಮಾಚುವುದೂ ಸರಿಯಲ್ಲ. ಮೂರು ದಿನಗಳಲ್ಲಿ ಏಳು ಸ್ಥಳ ನೋಡುವ ಹಟವನ್ನು ಯಾವ ಇಲಾಖೆಯೂ ನಮ್ಮ ಮೇಲೆ ಹೇರಿರಲಿಲ್ಲ. ಎರಡು ಗಂಟೆಗೊಮ್ಮೆ ನಿಲ್ಲದೆ, ಮಗುವಿನ ನಿದ್ರೆಯ ಹೊತ್ತನ್ನು ಎಣಿಸದೆ, ಸ್ಟೆಪ್ನಿಯನ್ನು ಪರೀಕ್ಷಿಸದೆ ಹೊರಟವರು ನಾವೇ. ಈಗಿನ ತರುಣ ದಂಪತಿಗಳಿಗೆ ರಜೆಯೇ ಅಪರೂಪವಾದ್ದರಿಂದ ಸಿಕ್ಕ ರಜೆಯನ್ನು ಸೂರೆ ಮಾಡುವ ಆತುರವು ಸಹಜ. ನನ್ನ ಮಗನನ್ನು ನಾನು ಹಳಿಯಲಾರೆ. ನಾನೂ ಹರೆಯದಲ್ಲಿ ಅವನನ್ನು ಹೆಗಲ ಮೇಲೆ ಹೊತ್ತು ಬೇಲೂರು, ಹಳೇಬೀಡು, ಶ್ರವಣಬೆಳಗೊಳವನ್ನು ಒಂದೇ ದಿನ ಮುಗಿಸಿದವನೇ. ಅವನಿಗೆ ಅದರಲ್ಲಿ ನೆನಪಿರುವುದು ಒಂದು ನಾಯಿಮರಿ ಮಾತ್ರ.

ಚಕ್ರವು ಐದೂವರೆಗೆ ಬಂದಿತು. ಆ ಹೊತ್ತಿಗೆ ಪ್ರಯಾಣಪತ್ರಿಕೆಯ ಹಿಂಬದಿಯಲ್ಲಿ ಮಗುವು ಇದ್ದಲಿನಿಂದ ಗೀಚಿತ್ತು. ಮರುದಿನ ನಸುಕಿನಲ್ಲಿ ಗದ್ದೆಗೆ ಬನ್ನಿರೆಂದು ಮನೆಯವರು ಕರೆದರು. ನಾವು ಶಿರಾಳಕೊಪ್ಪದಲ್ಲಿ ಉಳಿದು ಕತ್ತಲಿರುವಾಗಲೇ ಬಂದೆವು, ಮಗುವು ದೊಂದಿಯ ಬೆಳಕಿನಲ್ಲಿ ಬುಟ್ಟಿಯ ಚಿತ್ತಾರವನ್ನು ನೋಡಿತು, ಕಡುಬು ತಿಂದಿತು, ಭೂಮಿತಾಯಿಗೆಂದು ಚೆಲ್ಲಿದ ಚರಗದಲ್ಲಿ ತಾನೂ ಒಂದು ಹಿಡಿ ಚೆಲ್ಲಿತು. ಅಲ್ಲಿಂದ ನೇರವಾಗಿ ಊರ ಕಡೆಗೆ ತಿರುಗಿದೆವು. ಬನವಾಸಿ, ಜೋಗ ಯಾವುದನ್ನೂ ನೋಡಲಿಲ್ಲ.

ಹದಿನೈದು ದಿನಗಳ ಮೇಲೆ, ವಸತಿಗೃಹದವರು ಕೊಠಡಿಯಲ್ಲಿ ಸಿಕ್ಕಿದ್ದ ಇಳಕಲ್ ಸೆರಗಿನ ತುಂಡನ್ನು ಒಗೆದು, ಇಸ್ತ್ರಿ ಹಾಕಿ, ಕೊರಿಯರ್ ಮೂಲಕ ಕಳುಹಿಸಿಕೊಟ್ಟರು. ಹಾಲು ಕೊಡದ ಅವರ ಬಗ್ಗೆ ನಾನು ಮೇಲೆ ಬರೆದ ಮಾತನ್ನು ಇದರಿಂದ ಸ್ವಲ್ಪ ಮೆತ್ತಗೆ ಮಾಡಿಕೊಂಡು ಓದಬೇಕು. ಮಗುವು ಆ ತುಂಡನ್ನು ಎತ್ತಿಕೊಂಡು ಮೂಸಿ ನೋಡಿತು; ಸಾಬೂನಿನ ವಾಸನೆ. ಬದಿಗೆ ಸರಿಸಿ, ಹಸುರು ಸೀರೆಯ ಅಂಚನ್ನು ಮೂಗಿಗೆ ಒತ್ತಿಕೊಂಡು ಮಲಗಿತು.